ಸ್ನೋಮೊಬೈಲ್ ಮೀಟರ್‌ನಲ್ಲಿ 168, ಜಿಪಿಎಸ್‌ನಲ್ಲಿ 146: ಟಾಪ್ ಸ್ಪೀಡ್ ಹೆಚ್ಚಿಸಲು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕೆನಡಾದ ಒಂಟಾರಿಯೋದ ಸಡ್ಬರಿ ಹತ್ತಿರ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ), ಸ್ಕೀ-ಡೂ ಎಂಎಕ್ಸ್‌ಝಡ್ 600 ಎಚ್.ಓ. ಇ-ಟೆಕ್ ಕೊಂಡಿದ್ದೀರಿ, 2012ರ ಮಾಡೆಲ್, 120 ಇಂಚಿನ ಟ್ರ್ಯಾಕ್ (ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ). ಫುಲ್ ಥ್ರಾಟಲ್‌ನಲ್ಲಿ ಮೀಟರ್ 168 ಕಿ.ಮೀ. ತೋರಿಸುತ್ತದೆ, ಫೋನಿನ ಜಿಪಿಎಸ್ 146 ಅನ್ನುತ್ತದೆ, ಆರ್‌ಪಿಎಂ 7700ರಲ್ಲಿ ನಿಂತುಬಿಡುತ್ತದೆ. ಅಂಗಡಿಯವರು ಹೊಸ ಎಕ್ಸಾಸ್ಟ್ ಪೈಪ್ ಹಾಕಿಸಿ ಅಂದಿದ್ದಾರೆ. ಹಾಕಿಸಲೇ ಅಂತ ನಿಮ್ಮ ಪ್ರಶ್ನೆ.

ಈಗಲೇ ಬೇಡ. ನೀವು ಕೊಟ್ಟ ಮೂರು ಅಂಕಿಗಳಲ್ಲಿ ಮುಖ್ಯವಾದದ್ದು 7700. ಈ ಎಂಜಿನ್ ತನ್ನ ಪೂರ್ತಿ 120 ಹಾರ್ಸ್‌ಪವರ್ ಕೊಡುವುದು 8100ರ ಆಸುಪಾಸಿನಲ್ಲಿ. ಟೂ-ಸ್ಟ್ರೋಕ್ ಎಂಜಿನ್‌ನ ಪವರ್ ಒಂದು ಸಣ್ಣ ಆರ್‌ಪಿಎಂ ಪಟ್ಟಿಯಲ್ಲಿ ಮಾತ್ರ ಇರುತ್ತದೆ. 400 ಕಡಿಮೆಯಾದರೂ ನಷ್ಟ, 200-300 ಜಾಸ್ತಿಯಾದರೂ ನಷ್ಟ. ಕೈಯಲ್ಲಿರುವ ಪವರ್ ಅನ್ನೇ ನೀವು ಪೂರ್ತಿ ಬಳಸುತ್ತಿಲ್ಲ. ಅದನ್ನು ಸರಿ ಮಾಡುವ ಜಾಗ ಎಂಜಿನ್ ಅಲ್ಲ, ಕ್ಲಚ್.

ಮೊದಲು ಮೀಟರ್ ವಿಷಯ ಮುಗಿಸಿಬಿಡೋಣ. ಸ್ಪೀಡೋಮೀಟರ್ ಅಳೆಯುವುದು ಟ್ರ್ಯಾಕ್ ಸುತ್ತುವ ವೇಗವನ್ನು, ಗಾಡಿ ನೆಲದ ಮೇಲೆ ಓಡುವ ವೇಗವನ್ನಲ್ಲ. ಐಸ್ ಮೇಲೆ ಟ್ರ್ಯಾಕ್ ಜಾರಿದಷ್ಟೂ ಮೀಟರ್ ಏರುತ್ತದೆ. ಜೊತೆಗೆ ಕಂಪನಿಯ ಮೀಟರ್‌ಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತವೆ. ಜಿಪಿಎಸ್ ನಂಬಿ. ಆದರೆ ಕೆರೆಯ ಮೇಲೆ ಒಂದೇ ದಿಕ್ಕಿನಲ್ಲಿ ಓಡಿಸಿ ಲೆಕ್ಕ ಹಾಕಬೇಡಿ. ಅದೇ ಜಾಗದಲ್ಲಿ ಹೋಗಿ ಬಂದು ಎರಡರ ಸರಾಸರಿ ತೆಗೆದುಕೊಳ್ಳಿ. ಗಾಳಿ 15-20 ಕಿ.ಮೀ. ಬೀಸುತ್ತಿದ್ದರೆ ಒಂದು ಕಡೆಯ ಅಂಕಿಗೆ ಬೆಲೆಯೇ ಇಲ್ಲ.

ಇನ್ನು ಕ್ಲಚ್. ನಮ್ಮ ಆಕ್ಟಿವಾ ಸ್ಕೂಟರ್‌ನ ವೇರಿಯೇಟರ್ ಹೇಗೋ ಇದೂ ಹಾಗೆಯೇ, ಗಾತ್ರ ಮಾತ್ರ ದೊಡ್ಡದು. ಎಂಜಿನ್ ಕಡೆಯ ಪ್ರೈಮರಿ ಕ್ಲಚ್‌ನಲ್ಲಿ ತೂಕಗಳು ಹೊರಕ್ಕೆ ಎಸೆದುಕೊಂಡು ಬೆಲ್ಟನ್ನು ಒತ್ತಿ ಮೇಲಕ್ಕೆ ಹತ್ತಿಸುತ್ತವೆ. ಟ್ರ್ಯಾಕ್ ಕಡೆಯ ಸೆಕೆಂಡರಿ ಕ್ಲಚ್‌ನ ಸ್ಪ್ರಿಂಗ್ ಮತ್ತು ಹೀಲಿಕ್ಸ್ (ಓರೆ ಜಾಡಿರುವ ಬಿಡಿಭಾಗ) ಅದನ್ನು ತಡೆದು ಹಿಡಿಯುತ್ತವೆ. ತೂಕ ಜಾಸ್ತಿಯಾದರೆ ಗೇರ್ ಬೇಗ ಏರಿ ಆರ್‌ಪಿಎಂ ಕೆಳಗಿಳಿಯುತ್ತದೆ, ಕಡಿಮೆಯಾದರೆ ಆರ್‌ಪಿಎಂ ಮೇಲೇರುತ್ತದೆ. ನಿಮ್ಮ ಗಾಡಿಯ ಟಿಆರ್‌ಎ ಮಾದರಿಯ ಪ್ರೈಮರಿ ಕ್ಲಚ್‌ನಲ್ಲಿ ತೂಕ ಬದಲಿಸದೆಯೇ ಸರಿಹೊಂದಿಸಲು ಮೂರು ಕ್ಲಿಕ್ಕರ್ ಸ್ಕ್ರೂಗಳಿವೆ, 1ರಿಂದ 6ರವರೆಗೆ ಗುರುತು. ಒಂದು ಕ್ಲಿಕ್‌ಗೆ ಸುಮಾರು 200 ಆರ್‌ಪಿಎಂ ವ್ಯತ್ಯಾಸ. ದೊಡ್ಡ ಅಂಕಿ ಎಂದರೆ ಹೆಚ್ಚು ಆರ್‌ಪಿಎಂ. ಈಗ 3ರಲ್ಲಿದ್ದರೆ 5ಕ್ಕೆ ತಂದಾಗ 8100ರ ಹತ್ತಿರ ಬರಬೇಕು. ಲಾಕ್‌ನಟ್ ಸಡಿಲಿಸಿ, ಸ್ಕ್ರೂ ಸ್ವಲ್ಪವೇ ಹೊರಗೆಳೆದು ತಿರುಗಿಸಿ, ಮತ್ತೆ ಬಿಗಿ ಮಾಡಿ. ಸ್ಕ್ರೂವನ್ನು ಪೂರ್ತಿ ಹೊರಗೆ ತೆಗೆದರೆ ಒಳಗಿನ ವಾಷರ್ ಕೆಳಗೆ ಬೀಳುತ್ತದೆ, ಆಮೇಲೆ ಕ್ಲಚ್ ಬಿಚ್ಚಬೇಕಾಗುತ್ತದೆ. ಮೂರೂ ಒಂದೇ ಅಂಕಿಯಲ್ಲಿರಲಿ. ಒಂದು ಬೇರೆಯಾದರೂ ಕ್ಲಚ್ ನಡುಗಿ ಬುಶಿಂಗ್ ತಿನ್ನುತ್ತದೆ.

ಆದರೆ ಕ್ಲಿಕ್ಕರ್ ಮುಟ್ಟುವ ಮುಂಚೆ 7700 ಯಾಕೆ ಬಂತು ಅಂತ ನೋಡಿ. ಹಳೆಯ ಗಾಡಿಯಾದ್ದರಿಂದ ನನಗೆ ಅನುಮಾನ ಎರಡರ ಮೇಲೆ. ಒಂದು, ಎಕ್ಸಾಸ್ಟ್‌ನಲ್ಲಿರುವ ರೇವ್ ವಾಲ್ವ್‌ಗಳು (ಆರ್‌ಪಿಎಂ ಏರಿದಂತೆ ಎಕ್ಸಾಸ್ಟ್ ದಾರಿ ಅಗಲಿಸುವ ಕವಾಟಗಳು) ಮಸಿ ಕಟ್ಟಿ ಪೂರ್ತಿ ತೆರೆಯದೇ ಇರುವುದು. ಆಗ ಕೆಳಗೆ ಎಳೆತ ಚೆನ್ನಾಗಿದ್ದು ಮೇಲೆ ಉಸಿರು ಕಟ್ಟಿದ ಹಾಗಾಗುತ್ತದೆ. ಬಿಚ್ಚಿ ಒರೆಸಿದರೆ ಮುಗಿಯಿತು. ಎರಡು, ಬೆಲ್ಟ್. ಹೊಸದಕ್ಕಿಂತ 3 ಮಿ.ಮೀ. ಅಗಲ ಸವೆದಿದ್ದರೆ ಅದು ಪ್ರೈಮರಿಯ ಅಂಚಿನವರೆಗೆ ಹತ್ತುವುದೇ ಇಲ್ಲ. ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿದ್ದರೂ ಬದಲಿಸಿ. ಹೊಸ ಬೆಲ್ಟ್ ಹಾಕುವಾಗ ಕ್ಲಚ್‌ನ ಎರಡೂ ತಟ್ಟೆಗಳ ಮುಖವನ್ನು ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮೊದಲ 50 ಕಿ.ಮೀ. ಫುಲ್ ಥ್ರಾಟಲ್ ಬೇಡ.

ಆಮೇಲೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ, ಖರ್ಚು ಒಂದು ಮಾರ್ಕರ್ ಪೆನ್. ಪ್ರೈಮರಿ ಕ್ಲಚ್‌ನ ಒಳಮುಖದ ಮೇಲೆ ನಡುವಿನಿಂದ ಅಂಚಿನವರೆಗೆ ಒಂದು ನೇರ ಗೆರೆ ಎಳೆಯಿರಿ. ಕ್ಲಚ್ ಬಿಸಿಯಾದ ಮೇಲೆ ಒಂದು ಕಿ.ಮೀ. ಫುಲ್ ಥ್ರಾಟಲ್ ಓಡಿಸಿ, ಎಂಜಿನ್ ಆಫ್ ಮಾಡಿ, ಮುಚ್ಚಳ ತೆಗೆದು ನೋಡಿ. ಬೆಲ್ಟ್ ಎಲ್ಲಿವರೆಗೆ ಹತ್ತಿತ್ತೋ ಅಲ್ಲಿವರೆಗೆ ಶಾಯಿ ಅಳಿಸಿರುತ್ತದೆ. ಅಂಚಿನಲ್ಲಿ 8-10 ಮಿ.ಮೀ. ಗೆರೆ ಹಾಗೇ ಉಳಿದಿದ್ದರೆ, ಗಾಡಿ ತನ್ನ ಕೊನೆಯ ಗೇರ್ ತಲುಪಿಲ್ಲ. ಗಾಳಿಯೋ ಹಿಮವೋ ಅದಕ್ಕೂ ಮುಂಚೆಯೇ ತಡೆದು ನಿಲ್ಲಿಸಿದೆ. ಗೆರೆ ಪೂರ್ತಿ ಅಳಿಸಿ ಆರ್‌ಪಿಎಂ 8100 ದಾಟುತ್ತಿದ್ದರೆ ಮಾತ್ರ ಚೈನ್‌ಕೇಸ್‌ನಲ್ಲಿ (ಕ್ಲಚ್‌ನಿಂದ ಡ್ರೈವ್‌ಶಾಫ್ಟ್‌ಗೆ ಶಕ್ತಿ ಸಾಗಿಸುವ ಚೈನ್ ಪೆಟ್ಟಿಗೆ) ಮೇಲಿನ ಗೇರ್ ದೊಡ್ಡದು ಹಾಕುವುದರಲ್ಲಿ ಅರ್ಥವಿದೆ.

ಗೇರ್ ಲೆಕ್ಕ ನೀವೇ ಮಾಡಬಹುದು. ಮೇಲಿನ ಗೇರ್ 25 ಹಲ್ಲು, ಕೆಳಗಿನದು 45 ಎಂದುಕೊಳ್ಳಿ (ನಿಮ್ಮದನ್ನು ಎಣಿಸಿ ನೋಡಿ). ಕ್ಲಚ್ 1:1ರಲ್ಲಿ ಇದ್ದಾಗ 8100ಕ್ಕೆ ಡ್ರೈವ್‌ಶಾಫ್ಟ್ 4500 ಸುತ್ತು. ಟ್ರ್ಯಾಕ್ ಎಳೆಯುವ ಹಲ್ಲುಚಕ್ರಕ್ಕೆ, ಅಂದರೆ ಡ್ರೈವರ್‌ಗೆ 8 ಹಲ್ಲು, ಟ್ರ್ಯಾಕ್ ಪಿಚ್ (ಒಂದು ಹಲ್ಲಿಗೆ ಟ್ರ್ಯಾಕ್ ಸರಿಯುವ ದೂರ) 2.86 ಇಂಚು, ಅಂದರೆ ಒಂದು ಸುತ್ತಿಗೆ 58.1 ಸೆಂ.ಮೀ. ಗಂಟೆಗೆ ಸುಮಾರು 157 ಕಿ.ಮೀ. ಆಯಿತು. ಕ್ಲಚ್ ಇನ್ನೂ ಹತ್ತಿ 0.85:1ಕ್ಕೆ ಹೋದರೆ ಕಾಗದದ ಮೇಲೆ ಸುಮಾರು 185. ನಿಮ್ಮ ಗಾಡಿ 146ರಲ್ಲಿ ನಿಂತಿರುವುದು ಗೇರ್ ಸಾಲದೆ ಅಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ತಡೆಯುವುದು ಮುಖ್ಯವಾಗಿ ಗಾಳಿ. ಅದನ್ನು ಸೀಳಲು ಬೇಕಾದ ಪವರ್ ವೇಗದ ಘನದಷ್ಟು ಏರುತ್ತದೆ. 146ರಿಂದ 160ಕ್ಕೆ ಹೋಗಲು ಗಾಳಿಗೇ ಶೇ. 30ಕ್ಕಿಂತ ಹೆಚ್ಚು ಪವರ್ ಕೊಡಬೇಕು. ಪೈಪ್‌ನಿಂದ 6 ಹಾರ್ಸ್‌ಪವರ್ ಬಂತು ಅಂತಲೇ ಇಟ್ಟುಕೊಳ್ಳಿ, ಟಾಪ್ ಸ್ಪೀಡ್‌ನಲ್ಲಿ ಸಿಗುವುದು 2-3 ಕಿ.ಮೀ. ಗಿಡ್ಡ ವಿಂಡ್‌ಶೀಲ್ಡ್‌ನ ಹಿಂದೆ ಗಲ್ಲ ಟ್ಯಾಂಕ್‌ಗೆ ತಾಗುವಂತೆ ಬಗ್ಗಿ ಕುಳಿತರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಪೈಪ್ ಹಾಕಿಸಿ ಫ್ಯುಯೆಲ್ ಮ್ಯಾಪ್ ಬದಲಿಸದಿದ್ದರೆ ಮಿಶ್ರಣ ಲೀನ್ ಆಗಿ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಪಿಸ್ಟನ್ ಸುಡುವ ಅಪಾಯವೂ ಇದೆ, ಅದೂ ಉದ್ದನೆಯ ಫುಲ್ ಥ್ರಾಟಲ್ ಓಟದಲ್ಲೇ.

ಹಿಮದ ಪಾತ್ರ ಬಹಳ ದೊಡ್ಡದು, ಜನ ಇದನ್ನು ಕಡೆಗಣಿಸುತ್ತಾರೆ. ಅತಿ ವೇಗದ ನೆಲವೆಂದರೆ ಕೆರೆಯ ಗಟ್ಟಿ ಐಸ್ ಮೇಲೆ ಎರಡು-ಮೂರು ಸೆಂ.ಮೀ. ಬಿಗಿದ ಹಿಮ, ಉಷ್ಣಾಂಶ ಮೈನಸ್ 5ರಿಂದ ಮೈನಸ್ 12ರ ಸುಮಾರು. ಟ್ರ್ಯಾಕ್‌ಗೆ ಹಿಡಿತವೂ ಇರುತ್ತದೆ, ಟ್ರ್ಯಾಕ್ ಸವರಿಕೊಂಡು ಓಡುವ ಪ್ಲಾಸ್ಟಿಕ್ ಸ್ಲೈಡರ್‌ಗಳಿಗೆ ತೇವವೂ ಸಿಗುತ್ತದೆ. 15-20 ಸೆಂ.ಮೀ. ಹೊಸ ಹಿಮದಲ್ಲಿ ಅದೇ ಗಾಡಿ 20-30 ಕಿ.ಮೀ. ಕಳೆದುಕೊಂಡರೆ ಆಶ್ಚರ್ಯವಿಲ್ಲ, ಸ್ಕೀಗಳು ಹಿಮವನ್ನು ಉಳುತ್ತಾ ಹೋಗುತ್ತವೆ. ಮಾರ್ಚ್ ತಿಂಗಳ ಒದ್ದೆ ಹಿಮ ಕೆಳಗಿನಿಂದ ಹೀರಿ ಹಿಡಿಯುತ್ತದೆ. ಆರ್‌ಪಿಎಂ 200-300 ಬೀಳುತ್ತದೆ. ಮೈನಸ್ 25ರ ಕೆಳಗೆ ಹಿಮದ ಕಣ ಕರಗಿ ನೀರಿನ ಪದರ ಆಗುವುದಿಲ್ಲ, ಮರಳಿನ ಹಾಗೆ ಉಜ್ಜುತ್ತದೆ. ಬರೀ ಐಸ್ ಮೇಲಾದರೆ ಸ್ಲೈಡರ್‌ಗೆ ತೇವವಿಲ್ಲ, ಟ್ರ್ಯಾಕ್ ಮೇಲಿನ ಲೋಹದ ಹೊದಿಕೆಯಲ್ಲಿ, ಅಂದರೆ ಟನಲ್‌ನಲ್ಲಿರುವ ಎಂಜಿನ್ ಕೂಲರ್‌ಗೆ ಚಿಮ್ಮುವ ಹಿಮವೂ ಇಲ್ಲ. ಸ್ವಲ್ಪ ಹೊತ್ತಿಗೇ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದು ಸ್ಲೈಡರ್ ಟ್ರ್ಯಾಕ್‌ನ ಲೋಹದ ಕ್ಲಿಪ್‌ಗಳಿಗೆ ಅಂಟಿಕೊಳ್ಳುತ್ತದೆ, ಎಂಜಿನ್ ಬಿಸಿಯಾಗಿ ಕಂಪ್ಯೂಟರ್ ತಾನೇ ಪವರ್ ತಗ್ಗಿಸುತ್ತದೆ. ಐಸ್ ಕೆರೆದು ಅವುಗಳಿಗೆ ಹಿಮ ಎರಚುವ ಐಸ್ ಸ್ಕ್ರ್ಯಾಚರ್ ಹಾಕಿಸಿಕೊಳ್ಳಿ, ಕಡಿಮೆ ಬೆಲೆಯದು. ಆದ್ದರಿಂದ ಮುಂಚಿನ ಓಟ ಮತ್ತು ನಂತರದ ಓಟ ಒಂದೇ ದಿನ, ಒಂದೇ ಹಿಮದ ಮೇಲೆ ಆಗದಿದ್ದರೆ ಟ್ಯೂನಿಂಗ್ ಕೆಲಸ ಮಾಡಿತೋ ಹಿಮ ಬದಲಾಯಿತೋ ಹೇಳಲಾಗದು.

ಚಳಿ ಹೆಚ್ಚಿದಷ್ಟೂ ವೇಗ ಹೆಚ್ಚು ಅನ್ನುವುದು ಪೂರ್ತಿ ನಿಜವಲ್ಲ. ಮೈನಸ್ 20ರ ಗಾಳಿ ಸೊನ್ನೆ ಡಿಗ್ರಿಯ ಗಾಳಿಗಿಂತ ಸುಮಾರು ಶೇ. 8ರಷ್ಟು ದಟ್ಟ. ಎಂಜಿನ್‌ಗೆ ಅಷ್ಟು ಲಾಭ, ಎದುರಿನ ತಡೆಯೂ ಅಷ್ಟೇ ಹೆಚ್ಚು. ಪಿಕಪ್ ಚೆನ್ನಾಗುತ್ತದೆ, ಟಾಪ್ ಸ್ಪೀಡ್ ಹೆಚ್ಚೇನೂ ಕದಲದು. ಆದರೆ ಪವರ್ ಏರಿದ್ದರಿಂದ ಆರ್‌ಪಿಎಂ ಮಿತಿ ಮೀರಬಹುದು, ಆಗ ಕ್ಲಿಕ್ಕರ್ ಒಂದು ಇಳಿಸಿ. ಎತ್ತರದ ಜಾಗದಲ್ಲಿ ಇದರ ತದ್ವಿರುದ್ಧ: ಪ್ರತಿ 300 ಮೀಟರ್‌ಗೆ ಸುಮಾರು ಶೇ. 3 ಪವರ್ ಹೋಗುತ್ತದೆ. 2650 ಮೀಟರ್ ಎತ್ತರದ ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರು ಹತ್ತುವ ಗಾಡಿಗಳ ಎಂಜಿನ್, ಟರ್ಬೊ ಇಲ್ಲದಿದ್ದರೆ, ಕಾಲು ಭಾಗ ಶಕ್ತಿ ಕಳೆದುಕೊಂಡೇ ಓಡುತ್ತಿರುತ್ತದೆ. ಅಲ್ಲಿಗೆ ಹಗುರ ತೂಕ, ಚಿಕ್ಕ ಗೇರ್ ಬೇಕು.

ಟ್ರ್ಯಾಕ್ ಬಿಗಿಯಾಗಿದ್ದರೆ ಪವರ್ ಅಲ್ಲೇ ಸೋರುತ್ತದೆ. ಹಿಂಭಾಗ ಎತ್ತಿ ನಿಲ್ಲಿಸಿ, ಟ್ರ್ಯಾಕ್‌ನ ಕೆಳಸುತ್ತಿನ ನಡುವೆ ಸುಮಾರು 7 ಕೆ.ಜಿ. ತೂಗುಹಾಕಿದರೆ 30-35 ಮಿ.ಮೀ. ಜಗ್ಗಬೇಕು, ನಿಮ್ಮ ವರ್ಷದ ಮ್ಯಾನ್ಯುಯಲ್‌ನ ಅಂಕಿ ಒಮ್ಮೆ ಖಚಿತಪಡಿಸಿಕೊಳ್ಳಿ. ಸಡಿಲವಾದರೆ ಡ್ರೈವರ್ ಹಲ್ಲು ತಪ್ಪಿ ಟಕಟಕ ಸದ್ದು ಬರುತ್ತದೆ. ಐಸ್ ಮೇಲೆ ಹಿಡಿತಕ್ಕೆ ಟ್ರ್ಯಾಕ್‌ಗೆ ಸ್ಟಡ್ (ಚೂಪಾದ ಲೋಹದ ಮೊಳೆ) ಹೊಡೆಸುವುದಾದರೆ 96 ಸಾಕು, ಆದರೆ ಟನಲ್ ಪ್ರೊಟೆಕ್ಟರ್ ಇಲ್ಲದೆ ಹೊಡೆಸಬೇಡಿ. ಟ್ರ್ಯಾಕ್ ಮೇಲಕ್ಕೆ ಬಡಿದಾಗ ಸ್ಟಡ್‌ಗಳು ಕೂಲರ್‌ಗೆ ತೂತು ಹಾಕುತ್ತವೆ.

ಈ ಪರೀಕ್ಷೆಗಳನ್ನು ಟ್ರೈಲ್ (ಸ್ನೋಮೊಬೈಲ್ ದಾರಿ) ಮೇಲೆ ಮಾಡಬೇಡಿ, ದಯವಿಟ್ಟು. ಒಂಟಾರಿಯೋ ಟ್ರೈಲ್‌ಗಳಲ್ಲಿ ಬೇರೆ ಫಲಕ ಇಲ್ಲದಿದ್ದರೆ ಮಿತಿ 50 ಕಿ.ಮೀ. 146ರಲ್ಲಿ ಗಾಡಿ ಒಂದು ಸೆಕೆಂಡಿಗೆ 40 ಮೀಟರ್ ಹೋಗುತ್ತದೆ; ಕೆರೆಯ ಐಸ್ ಒತ್ತಡಕ್ಕೆ ಸಿಡಿದು ಎದ್ದ ದಿಬ್ಬ ಕಣ್ಣಿಗೆ ಬೀಳುವ ಹೊತ್ತಿಗೆ ನಿಲ್ಲಿಸಲು ಜಾಗ ಇರುವುದಿಲ್ಲ. ಕ್ಲಬ್‌ಗಳು ಐಸ್ ಅಳೆದು, ದಾರಿ ಮುಚ್ಚಿ ನಡೆಸುವ ರಾಡಾರ್ ರನ್‌ಗಳಿಗೆ ಹೋಗಿ, ನಿಖರ ಅಂಕಿಯೂ ಅಲ್ಲೇ ಸಿಗುತ್ತದೆ. ರೇವ್ ವಾಲ್ವ್, ಬೆಲ್ಟ್, ಕ್ಲಿಕ್ಕರ್ ಆದ ಮೇಲೆ ಬಿಸಿ ಕ್ಲಚ್‌ನ ಆರ್‌ಪಿಎಂ ಎಷ್ಟು, ಮಾರ್ಕರ್ ಗೆರೆ ಎಷ್ಟು ಉಳಿಯಿತು, ಕ್ಲಿಕ್ಕರ್ ಯಾವ ಅಂಕಿಯಲ್ಲಿದೆ, ಹಿಮ ಹೇಗಿತ್ತು ಅಂತ ಇಲ್ಲೇ ಬರೆಯಿರಿ. ಹೀಲಿಕ್ಸ್ ಬದಲಿಸಬೇಕೋ ತೂಕವೋ ಅಂತ ಆಗ ಹೇಳುತ್ತೇನೆ.