ಅಗತ್ತಿಯಿಂದ ಪೋರ್ಟ್ ಬ್ಲೇರ್: ಮೂರು ಗಂಟೆಯ ದೂರಕ್ಕೆ ಎರಡು ದಿನವೇಕೆ?

ಪ್ರಶ್ನೆ: ನಾನೂ ನನ್ನ ಪತ್ನಿಯೂ ಲಕ್ಷದ್ವೀಪ ಮತ್ತು ಅಂಡಮಾನ್ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆಂದಿದ್ದೇವೆ. ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಮೂರು ಗಂಟೆಯ ಹಾರಾಟವೆಂದು ದೂರ ಲೆಕ್ಕ ಹಾಕುವ ಜಾಲತಾಣ ತೋರಿಸುತ್ತದೆ. ಟಿಕೆಟ್ ಹುಡುಕಿದರೆ ಚೆನ್ನೈನಲ್ಲಿ ರಾತ್ರಿ ತಂಗಿ ಮರುದಿನ ತಲುಪುವ ದಾರಿ ಸಿಗುತ್ತದೆ. ಯಾವುದು ಸರಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಎರಡೂ ಸರಿ. ಎರಡು ನಿಲ್ದಾಣಗಳ ನಡುವೆ ಭೂಮಿಯ ಮೇಲ್ಮೈಯ ಅತಿ ಹತ್ತಿರದ ದಾರಿಯನ್ನು ಅಳೆದರೆ ಸುಮಾರು 2,240 ಕಿ.ಮೀ. ಬರುತ್ತದೆ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದನ್ನು ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿದರೆ ಮೂರೂಕಾಲು ಗಂಟೆಯಾಗುತ್ತದೆ. ಇಂತಹ ಜಾಲತಾಣಗಳು ಮಾಡುವುದು ಇಷ್ಟೇ ಲೆಕ್ಕ. ಆ ದಾರಿಯಲ್ಲಿ ವಿಮಾನವೊಂದು ನಿಜವಾಗಿ ಹಾರುತ್ತದೆಯೇ ಎಂಬುದನ್ನು ಅವು ನೋಡುವುದಿಲ್ಲ.

ಹಾರದಿರುವುದಕ್ಕೆ ಕಾರಣ ಅಗತ್ತಿಯ ರನ್‌ವೇ. ಅದರ ಉದ್ದ ಸುಮಾರು 1,200 ಮೀಟರ್ ಮಾತ್ರ, ಎರಡೂ ತುದಿಗಳಾಚೆ ಸಮುದ್ರ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಹೋಗುವಂತಹ ಏರ್‌ಬಸ್ ಜೆಟ್ ಅಲ್ಲಿ ಇಳಿಯಲಾರದು. ಅಲ್ಲಿ ಇಳಿಯಬಲ್ಲ ಎಟಿಆರ್ 72 ವಿಮಾನವು ರೆಕ್ಕೆಯ ಮೇಲೆ ಪ್ರೊಪೆಲರ್ ತಿರುಗುವ, ಗಂಟೆಗೆ ಸುಮಾರು 500 ಕಿ.ಮೀ. ವೇಗದ ವಿಮಾನ, ಪ್ರಯಾಣಿಕರು ತುಂಬಿದ್ದರೆ ಅದು ಒಂದೇ ಬಾರಿಗೆ ಹಾರಬಲ್ಲ ದೂರ 1,500 ಕಿ.ಮೀ. ಆಸುಪಾಸು. ಹೀಗೆ ತಲುಪಬಲ್ಲದ್ದು ಇಳಿಯಲಾರದು, ಇಳಿಯಬಲ್ಲದ್ದು ತಲುಪಲಾರದು. ರನ್‌ವೇ ಸಾಕಷ್ಟು ಉದ್ದವಿದ್ದರೂ ಈ ಎರಡು ದ್ವೀಪಗಳ ನಡುವೆ ನಿತ್ಯ ವಿಮಾನ ತುಂಬುವಷ್ಟು ಜನ ಸಿಗುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಸುತ್ತುದಾರಿಯಿಂದ ದೂರ ಬಹಳ ಹೆಚ್ಚಾಗುತ್ತದೆ ಎಂದು ನೀವು ಭಾವಿಸಿರಬಹುದು. ಅಗತ್ತಿಯಿಂದ ಕೊಚ್ಚಿಗೆ ಸುಮಾರು 465 ಕಿ.ಮೀ., ಅಲ್ಲಿಂದ ಚೆನ್ನೈಗೆ 520, ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ 1,370. ಒಟ್ಟು 2,355 ಕಿ.ಮೀ. ನೇರ ದಾರಿಗಿಂತ ಇದು 115 ಕಿ.ಮೀ. ಮಾತ್ರ ಹೆಚ್ಚು, ಅಂದರೆ ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿ ಇಳಿದು ಹೋಗುವುದಕ್ಕಿಂತಲೂ ಕಡಿಮೆ. ಗಾಳಿಯಲ್ಲಿ ಕಳೆಯುವ ಹೊತ್ತೂ ಐದು ಗಂಟೆಯ ಆಸುಪಾಸೇ. ಉಳಿದ ಸಮಯವನ್ನೆಲ್ಲ ನುಂಗುವುದು ಎರಡು ನಿಲ್ದಾಣಗಳಲ್ಲಿನ ಕಾಯುವಿಕೆ. ದ್ವೀಪದ ವಿಮಾನಗಳು ಹೆಚ್ಚಾಗಿ ಹಗಲಿನಲ್ಲೇ ಓಡುವುದರಿಂದ, ಒಂದು ತಪ್ಪಿದರೆ ಮುಂದಿನದು ಮರುದಿನಕ್ಕೇ.

ಮಳೆಗಾಲದಲ್ಲಿ ಜೆಟ್‌ಗಳು ಹಾರುವ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಆಗ ಪೋರ್ಟ್ ಬ್ಲೇರ್‌ಗೆ ಹೋಗುವಾಗ ತುಸು ತಡ, ಬರುವಾಗ ತುಸು ಬೇಗ.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲವಾದರೂ ಹೇಳಬೇಕು. ಎರಡೂ ಕಡೆ ಗಡಿಯಾರ ಒಂದೇ ಆದರೂ ನಡುವೆ ಇಪ್ಪತ್ತೂವರೆ ರೇಖಾಂಶಗಳ ಅಂತರವಿದೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಸುಮಾರು 80 ನಿಮಿಷ ಮೊದಲೇ ಮೂಡುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿರುತ್ತಾನೆ. ಆದ್ದರಿಂದ ಮಧ್ಯಾಹ್ನ ತಲುಪುವ ಟಿಕೆಟ್ ಅಗ್ಗವೆನಿಸಿದರೂ ಆ ದಿನ ನೋಡಲು ಏನೂ ಉಳಿಯದು.

ನನ್ನ ಸಲಹೆ ಕೇಳುವುದಾದರೆ, ಮೊದಲು ಲಕ್ಷದ್ವೀಪ ಮುಗಿಸಿ ಕೊಚ್ಚಿಗೆ ಬನ್ನಿ, ಒಂದು ರಾತ್ರಿ ಚೆನ್ನೈನಲ್ಲಿ ತಂಗಿ ಮರುದಿನ ಬೆಳಗಿನ ವಿಮಾನ ಹಿಡಿಯಿರಿ. ಅಂಡಮಾನಿನಿಂದ ನೇರವಾಗಿ ಬೆಂಗಳೂರಿಗೆ ಇಳಿದರೆ ಚಿಕ್ಕಮಗಳೂರಿಗೆ ಅದೇ ಅನುಕೂಲದ ದಾರಿ. ಲಕ್ಷದ್ವೀಪ ಪ್ರವೇಶಕ್ಕೆ ಪರವಾನಗಿ ಬೇಕು. ಅದು ಕೈಸೇರಿದ ನಂತರವೇ ಉಳಿದ ಟಿಕೆಟ್‌ಗಳನ್ನು ಕೊಳ್ಳಿ.