ಹಪೆ ಎಂದರೆ ಹೊಗೆಸೊಪ್ಪು: ಮೊದಲು ಅದನ್ನು ತಿಳಿದುಕೊಳ್ಳಿ

ಅಮೆಜಾನ್ ಕಾಡಿನ ಆದಿವಾಸಿಗಳು ತಮ್ಮ ವಿಧಿಗಳಲ್ಲಿ ಮೂಗಿಗೆ ಊದುವ ಪುಡಿಯೇ ಹಪೆ. ಕೆಲವರು ರಪೆ ಅಂತಲೂ ಬರೆಯುತ್ತಾರೆ. ಈಗ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದರ ಬಗ್ಗೆಯೇ. ಗಿಡಮೂಲಿಕೆಗಳ ರಾಸಾಯನಿಕ ಗುಣ ಓದಿದವನು, ಬ್ರೆಜಿಲ್‌ನ ಆಕ್ರೆ ರಾಜ್ಯದಲ್ಲಿ ಇದನ್ನು ತಯಾರಿಸುವುದನ್ನು ಕಣ್ಣಾರೆ ಕಂಡವನು ಅಂತ ನನ್ನನ್ನೇ ಕೇಳುತ್ತೀರಿ, ಸರಿ. ಆದರೆ ಒಂದೇ ತಪ್ಪು ತಿಳಿವಳಿಕೆ ಪತ್ರದಿಂದ ಪತ್ರಕ್ಕೆ ಹಬ್ಬುತ್ತಿದೆ. ಅದಕ್ಕೇ ಈ ಸಲದ ಜಾಗ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಯಸ್ಸು 34. ಸಮುದ್ರ ದಂಡೆಯ ಒಂದು ಶಿಬಿರದಲ್ಲಿ ಹಪೆ ಊದಿಸಿಕೊಂಡೆ. ಎರಡೂ ಹೊಳ್ಳೆಗೆ ಊದಿದ ಕೂಡಲೇ ತಲೆ ಸಿಡಿದ ಹಾಗಾಯಿತು. ಬೆವರು ಕಿತ್ತುಕೊಂಡು ಬಂತು, ವಾಂತಿಯಾಯಿತು, ಕಣ್ಣು ಕತ್ತಲೆ ಬಂದು ಬಿದ್ದೆ. ದೇಹದ ವಿಷ ಹೊರಗೆ ಹೋಯಿತು, ಇನ್ನೊಂದು ಸಲ ತೆಗೆದುಕೊಂಡರೆ ಪೂರ್ತಿ ಶುದ್ಧಿಯಾಗುತ್ತದೆ ಎಂದು ನಡೆಸುವವರು ಹೇಳಿದರು. ಆಮೇಲೆ ಮನಸ್ಸು ಹಗುರವಾಗಿದ್ದು ನಿಜ. ಇದು ಬರೀ ಗಿಡಮೂಲಿಕೆ ಅಲ್ವಾ? ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಮತ್ತೆ ಹೋಗಬಹುದೇ?

ಉತ್ತರ: ಹೋಗಬೇಡಿ. ಕಾರಣವನ್ನು ಪೂರ್ತಿ ಓದಿ, ಯಾಕೆಂದರೆ ನಿಮಗೆ ಆದದ್ದು ಏನು ಅಂತ ಆ ಶಿಬಿರದಲ್ಲಿ ಯಾರೂ ಹೇಳಿಲ್ಲ.

ನಿಮ್ಮ ಮೂಗಿಗೆ ಊದಿದ್ದು ಹೊಗೆಸೊಪ್ಪು. ಗಿಡಮೂಲಿಕೆ ಅಂದರೆ ತಪ್ಪಲ್ಲ, ಹೊಗೆಸೊಪ್ಪೂ ಗಿಡವೇ. ಆದರೆ ಆ ಪದ ಬಳಸಿ ತಂಬಾಕನ್ನು ಮುಚ್ಚಿಟ್ಟಿದ್ದಾರೆ. ಹಪೆಯಲ್ಲಿ ಮುಖ್ಯವಾಗಿ ಇರುವುದು ಎರಡೇ: ತಂಬಾಕಿನ ಪುಡಿ ಮತ್ತು ಮರದ ತೊಗಟೆಯ ಬೂದಿ. ಕೆಲವರು ಇವುಗಳ ಜೊತೆಗೆ ಪರಿಮಳದ ಎಲೆಯನ್ನೋ ಬೀಜವನ್ನೋ ಸೇರಿಸುತ್ತಾರೆ. ಬಳಸುವ ತಂಬಾಕು ಹಲವು ಕಡೆ ನಿಕೋಟಿಯಾನ ರಸ್ಟಿಕಾ ಜಾತಿಯದು. ಪೆರುವಿನಲ್ಲಿ ಅದಕ್ಕೆ ಮಪಾಚೊ ಅನ್ನುತ್ತಾರೆ. ಸಿಗರೇಟಿಗೆ ಹೋಗುವ ಜಾತಿಗಿಂತ ಇದರಲ್ಲಿ ನಿಕೋಟಿನ್ ಸಾಮಾನ್ಯವಾಗಿ ಜಾಸ್ತಿ.

ಇನ್ನು ಬೂದಿ. ಇದನ್ನು ಸುಮ್ನೆ ಬೆರೆಸುವುದಿಲ್ಲ. ಆಕ್ರೆಯಲ್ಲಿ ನಾನು ನೋಡಿದ ತಯಾರಿ ಹೀಗಿತ್ತು. ಹಗ್ಗದ ಹಾಗೆ ಬಿಗಿಯಾಗಿ ಸುತ್ತಿದ ತಂಬಾಕನ್ನು ಚಾಕುವಿನಲ್ಲಿ ತೆಳ್ಳಗೆ ಹೆಚ್ಚಿದರು. ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿದರು. ಮರದ ಒರಳಿಗೆ ಹಾಕಿ, ಒಬ್ಬರು ದಣಿದರೆ ಇನ್ನೊಬ್ಬರು ಅಂತ ಕುಟ್ಟಿ, ತೆಳು ಬಟ್ಟೆಯಲ್ಲಿ ಶೋಧಿಸಿದರು. ತ್ಸುನು ಅನ್ನುವ ಮರದ ತೊಗಟೆಯನ್ನು ಬೇರೆಯಾಗಿ ಸುಟ್ಟು, ಆ ಬೂದಿಯನ್ನೂ ಶೋಧಿಸಿ ಬೆರೆಸಿದರು. ಅಂಗೈ ಮೇಲೆ ಹಾಕಿ ಉಜ್ಜಿದರೆ ಗೆರೆಗಳ ಒಳಗೆ ಕೂತುಬಿಡುವಷ್ಟು ನಯವಾದ ಪುಡಿ.

ಬೂದಿ ಕ್ಷಾರ. ನಿಕೋಟಿನ್ ಕ್ಷಾರದ ಜೊತೆ ಸೇರಿದಾಗ ಮೂಗಿನ ಒಳಪೊರೆಯನ್ನು ಸುಲಭವಾಗಿ ದಾಟುವ ರೂಪಕ್ಕೆ ಬರುತ್ತದೆ. ಕ್ಷಾರ ಎಷ್ಟು ಅಂತ ಹೇಳುವ ಅಳತೆ ಪಿಎಚ್. ಅದು ಸುಮಾರು 8 ಇದ್ದಾಗ ಅರ್ಧದಷ್ಟು ನಿಕೋಟಿನ್ ಆ ರೂಪದಲ್ಲಿರುತ್ತದೆ. 9ಕ್ಕೆ ಏರಿದರೆ ಹತ್ತರಲ್ಲಿ ಒಂಬತ್ತು ಪಾಲು. 10ಕ್ಕೆ ಏರಿದರೆ ಹೆಚ್ಚುಕಡಿಮೆ ಪೂರ್ತಿ. ನಮ್ಮಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ತಿಕ್ಕುವುದೂ ಇದೇ ಕಾರಣಕ್ಕೆ. ಒಬ್ಬ ಓದುಗರು ಕಳಿಸಿದ ಹಪೆ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಶುದ್ಧ ನೀರಿಗೆ ಹಾಕಿ ಪಿಎಚ್ ಕಾಗದ ಅದ್ದಿದೆ. ಹಳದಿ ಕಾಗದ ನೋಡುತ್ತಿದ್ದ ಹಾಗೆಯೇ ಕಡು ನೀಲಿಹಸಿರಾಯಿತು. ಬಣ್ಣ ನಿಂತದ್ದು 9 ಮತ್ತು 10ರ ನಡುವೆ. ಆ ಪೊಟ್ಟಣದ ಮೇಲೆ ಇದ್ದದ್ದು ‘ಪವಿತ್ರ ಕಾಡಿನ ಔಷಧಿ’ ಎಂಬ ಮಾತು ಮಾತ್ರ. ತಂಬಾಕು ಎಂಬ ಪದ ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

2015ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ, ಅಂದರೆ ಸಿಡಿಸಿಯ, ಸಂಶೋಧಕರು ಬ್ರೆಜಿಲ್‌ನ ಹಪೆ ಮಾದರಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಂದು ಗ್ರಾಂ ಪುಡಿಯಲ್ಲಿ ನಿಕೋಟಿನ್ ಸುಮಾರು 6 ಮಿಲಿಗ್ರಾಂನಿಂದ 47 ಮಿಲಿಗ್ರಾಂವರೆಗೆ ಇತ್ತು. ಪೊಟ್ಟಣದಿಂದ ಪೊಟ್ಟಣಕ್ಕೆ ಏಳೆಂಟು ಪಟ್ಟು ವ್ಯತ್ಯಾಸ! ಕ್ಯಾನ್ಸರ್ ತರುವ ನೈಟ್ರೊಸಮೈನ್‌ಗಳೂ ಅದರಲ್ಲಿದ್ದವು. ಒಂದು ಸಿಗರೇಟಿನಿಂದ ರಕ್ತಕ್ಕೆ ಸೇರುವ ನಿಕೋಟಿನ್ 1ರಿಂದ 2 ಮಿಲಿಗ್ರಾಂ. ನಿಕೋಟಿನ್ ಜಾಸ್ತಿ ಇರುವ ಹಪೆಯನ್ನು ಅರ್ಧ ಗ್ರಾಂ ಊದಿದರೆ ಮೂಗಿಗೆ ಬೀಳುವುದು 20 ಮಿಲಿಗ್ರಾಂಗೂ ಜಾಸ್ತಿ. ಅಷ್ಟೂ ರಕ್ತಕ್ಕೆ ಹೋಗುವುದಿಲ್ಲ, ನಿಜ. ಆದರೆ ಹೋಗುವಷ್ಟು ಕೆಲವೇ ಕ್ಷಣದಲ್ಲಿ ಹೋಗುತ್ತದೆ. ಸಿಗರೇಟು ಸೇದುವವರು ತಲೆ ಸುತ್ತಿದರೆ ಅರ್ಧಕ್ಕೆ ಎಸೆಯಬಹುದು. ಊದಿದ ಪುಡಿಯನ್ನು ವಾಪಸು ತೆಗೆಯುವ ದಾರಿ ಇಲ್ಲ.

ಈಗ ನಿಮ್ಮ ‘ಶುದ್ಧಿ’ಗೆ ಬರೋಣ. ನಿಕೋಟಿನ್ ಮೊದಲು ನರಗಳನ್ನು ಕೆರಳಿಸುತ್ತದೆ. ಜೊಲ್ಲು ಸುರಿಯುತ್ತದೆ, ಬೆವರು ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಮಿದುಳಿನಲ್ಲಿ ವಾಂತಿ ತರಿಸುವ ಜಾಗವನ್ನು ಅದು ನೇರವಾಗಿ ತಟ್ಟುತ್ತದೆ. ಪ್ರಮಾಣ ಮಿತಿ ಮೀರಿದರೆ ಅದೇ ನರಗಳು ಸ್ತಬ್ಧವಾಗುತ್ತವೆ. ಬಿಪಿ ಕುಸಿದು ಕಣ್ಣು ಕತ್ತಲೆ ಬರುತ್ತದೆ. ನೀವು ಬರೆದ ಲಕ್ಷಣಗಳು ಇದೇ ಸಾಲಿನಲ್ಲಿ, ಇದೇ ಕ್ರಮದಲ್ಲಿ ಇವೆ. ಇದು ನಿಕೋಟಿನ್ ವಿಷಬಾಧೆ. ಹಸಿ ಹೊಗೆಸೊಪ್ಪು ಕೊಯ್ಯುವವರಿಗೂ ಹೀಗಾಗುತ್ತದೆ. ಇಬ್ಬನಿಯಲ್ಲೋ ಮಳೆಯಲ್ಲೋ ನೆಂದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ನೆಂಟರಿದ್ದರೆ ವಿಚಾರಿಸಿ ನೋಡಿ.

ಹೊರಗೆ ಬಂದದ್ದು ನೀವು ತಿಂದ ಊಟ. ದೇಹದ ಕಸ ತೆಗೆಯುವ ಕೆಲಸ ಯಕೃತ್ತಿನದು, ಮೂತ್ರಪಿಂಡದ್ದು. ವಾಂತಿಯಲ್ಲಿ ಹೋದ ‘ವಿಷ’ದ ಹೆಸರು ಹೇಳಿ ಅಂತ ಆ ಶಿಬಿರದವರನ್ನು ಕೇಳಿ, ಹೇಳಲಾರರು. ಮನಸ್ಸು ಹಗುರವಾಯಿತು ಅಂದಿರಲ್ಲ, ಅದನ್ನು ನಾನು ನಂಬುತ್ತೇನೆ. ನಿಕೋಟಿನ್ ಮಿದುಳಿನಲ್ಲಿ ಡೊಪಮಿನ್ ಎಂಬ, ಹಿತ ಅನ್ನಿಸುವ ರಾಸಾಯನಿಕವನ್ನು ಏರಿಸುತ್ತದೆ, ಗಮನವನ್ನು ಒಂದೇ ಕಡೆ ಹಿಡಿಯುತ್ತದೆ, ಸಂಕಟ ಕಳೆದ ಮೇಲೆ ದೇಹ ಸಡಿಲವಾಗುತ್ತದೆ. ಆ ಹಗುರತನ ಮತ್ತೆ ಬೇಕು ಅನ್ನಿಸುವುದೇ ಚಟದ ಮೊದಲ ಮೆಟ್ಟಿಲು. ನೀವು ಈಗಾಗಲೇ ‘ಮತ್ತೆ ಹೋಗಬಹುದೇ’ ಅಂತ ಕೇಳುತ್ತಿದ್ದೀರಿ.

ಬಿಪಿ ಇರುವವರಿಗೆ ಹೀಗೆ ಒಮ್ಮೆಲೇ ಏರಿ ಒಮ್ಮೆಲೇ ಇಳಿಯುವುದು ಅಪಾಯ. ಹೃದಯದ ತೊಂದರೆ, ಮೂರ್ಛೆರೋಗ ಇರುವವರು, ಗರ್ಭಿಣಿಯರು, ಮೂಗಿನ ಆಪರೇಷನ್ ಆದವರು ಇದರ ಹತ್ತಿರ ಸುಳಿಯಬಾರದು. ಊದುವ ಮೊದಲು ನಿಮ್ಮ ಬಿಪಿ ಬಗ್ಗೆ ಅವರು ಕೇಳಿದರೇ? ಒಂದೇ ಕೊಳವೆಯನ್ನು ಎಷ್ಟು ಜನರ ಮೂಗಿಗೆ ಇಟ್ಟರು? ಮೂಗಿನಲ್ಲಿ ರಕ್ತ ಒಸರುವುದು ಕಣ್ಣಿಗೆ ಕಾಣುವುದಿಲ್ಲ. ಹೆಪಟೈಟಿಸ್ ಸಿ ಹರಡುವುದಕ್ಕೆ ಅಷ್ಟು ಸಾಕು. ಈ ವಾರವೇ ನಿಮ್ಮ ವೈದ್ಯರ ಹತ್ತಿರ ಹೋಗಿ, ತಂಬಾಕು ಊದಿಸಿಕೊಂಡು ಬಿದ್ದೆ ಅಂತ ನೇರವಾಗಿ ಹೇಳಿ, ಇಸಿಜಿ ಮಾಡಿಸಿಕೊಳ್ಳಿ.

ಪ್ರಶ್ನೆ: ಸಾವಿರಾರು ವರ್ಷದ ಆದಿವಾಸಿ ಜ್ಞಾನವನ್ನು ನೀವು ಪ್ರಯೋಗಾಲಯದ ಕಣ್ಣಿನಿಂದ ಅವಮಾನ ಮಾಡುತ್ತೀರಿ. ಅವರಿಗೆ ಏನೂ ಆಗುವುದಿಲ್ಲವಲ್ಲ?

ಉತ್ತರ: ನನ್ನ ತಕರಾರು ಅವರ ಜೊತೆ ಇಲ್ಲ. ಅವರ ಹೆಸರು ಹಚ್ಚಿ ಪೊಟ್ಟಣ ಮಾರುವವರ ಜೊತೆ ಇದೆ.

ಹುನಿ ಕುಯಿನ್, ಯವನಾವ, ಕತುಕಿನ, ಮತ್ಸೆಸ್. ಬ್ರೆಜಿಲ್-ಪೆರು ಗಡಿಯ ಕಾಡುಗಳ ಈ ಜನರಿಗೆ ತಂಬಾಕು ಅಂದರೆ ಬಲವುಳ್ಳ ಗಿಡ. ಬಲವುಳ್ಳದ್ದು ಅಂದರೆ ಅಪಾಯವೂ ಹೌದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಕಟ್ಟುಪಾಡು. ಊದುವ ಉದ್ದ ಕೊಳವೆಗೆ ತೆಪಿ ಅನ್ನುತ್ತಾರೆ. ಒಬ್ಬರು ಊದುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ತನಗೆ ತಾನೇ ಊದಿಕೊಳ್ಳುವ ಗಿಡ್ಡ ಕೊಳವೆ ಕುರಿಪೆ. ಊದುವವರ ನಡತೆ, ಆ ಹೊತ್ತಿನ ಮನಸ್ಸು ಉಸಿರಿನ ಜೊತೆ ದಾಟುತ್ತದೆ ಅಂತ ನಂಬುತ್ತಾರೆ. ಹಾಗಾಗಿ ಎದುರಿಗೆ ಕೂತವರ ಮೈಕಟ್ಟು, ಕಾಯಿಲೆ, ಮನೆ, ಜಗಳ ಎಲ್ಲ ಗೊತ್ತಿರುವವರೇ ಊದುತ್ತಾರೆ. ಯಾರಿಗೆ ಎಷ್ಟು ಅಂತ ಅವರಿಗೆ ಗೊತ್ತು.

ಯವನಾವರಲ್ಲಿ ಆಧ್ಯಾತ್ಮಿಕ ಕಲಿಕೆಗೆ ಇಳಿದವರು ತಿಂಗಳುಗಟ್ಟಲೆ ಸಿಹಿ ಬಿಡಬೇಕು, ಬರೀ ನೀರನ್ನೂ ಬಿಡಬೇಕು, ಗಂಡ ಹೆಂಡತಿ ದೂರ ಇರಬೇಕು. 2005ರ ಸುಮಾರಿಗೆ ಪುತಾನಿ, ಹುಶಾಹು ಎಂಬ ಅಕ್ಕತಂಗಿಯರು ಈ ಕಠಿಣ ವ್ರತ ಹಿಡಿದರು. ಅದು ಅಲ್ಲಿಯವರೆಗೆ ಗಂಡಸರ ದಾರಿಯಾಗಿತ್ತು. ಆ ಊರುಗಳಲ್ಲಿ ಹಾಡು, ಪುಡಿ, ವಿಧಿ ಎಲ್ಲ ಹೆಚ್ಚುಕಡಿಮೆ ಅಳಿದೇ ಹೋಗುವ ಹಂತಕ್ಕೆ ಬಂದಿತ್ತು. ರಬ್ಬರ್ ತೋಟದ ಧಣಿಗಳು ಜನರನ್ನು ಸಾಲದಲ್ಲಿ ಕಟ್ಟಿಹಾಕಿದ್ದರು. ಮಿಷನರಿಗಳು ಇದೆಲ್ಲ ಸೈತಾನನ ಕೆಲಸ ಎಂದು ಬಿಡಿಸಿದ್ದರು. 1984ರಲ್ಲಿ ಗ್ರೆಗೋರಿಯೊ ನದಿಯ ದಂಡೆಯ ಜಾಗ ಆದಿವಾಸಿ ಭೂಮಿಯೆಂದು ಗುರುತಾಯಿತು. ಆಮೇಲೆ ಮುದುಕರ ಬಾಯಿಂದ ಒಂದೊಂದೇ ಹಾಡು ಕೇಳಿ ಕಲಿತು ಮತ್ತೆ ಕಟ್ಟಿದರು.

ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಎರಡು ದಿನದ ಶಿಬಿರದಲ್ಲಿ, ಹೆಸರೂ ಗೊತ್ತಿಲ್ಲದ ಜನರ ಮೂಗಿಗೆ ಸಾಲಾಗಿ ಊದುತ್ತಾ ಹೋಗುವುದೇ ಅವಮಾನ. ಅವರಿಗೆ ಏನೂ ಆಗುವುದಿಲ್ಲ ಅನ್ನುವ ಮಾತೂ ಸರಿಯಲ್ಲ. ಹೊಸಬರಿಗೆ ಅಲ್ಲಿಯೂ ವಾಂತಿಯಾಗುತ್ತದೆ. ಅವರ ಲೋಕದಲ್ಲಿ ಆ ವಾಂತಿಗೆ ಒಂದು ಅರ್ಥ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಹೊಗೆರಹಿತ ತಂಬಾಕು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲ ಗುಂಪಿನಲ್ಲಿ ಸೇರಿಸಿದೆ. ಆ ಮಾತು ಆಕ್ರೆಗೂ ಅನ್ವಯಿಸುತ್ತದೆ, ಅರಸೀಕೆರೆಗೂ ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಆಯುರ್ವೇದದ ನಸ್ಯವೂ ಇದೇ ಅಲ್ಲವೇ? ಅದರಲ್ಲೂ ಕೊಳವೆಯಿಂದ ಪುಡಿ ಊದುತ್ತಾರಂತೆ.

ಉತ್ತರ: ಊದುವುದು ನಿಜ. ಅದಕ್ಕೆ ಪ್ರಧಮನ ನಸ್ಯ ಅನ್ನುತ್ತಾರೆ. ಆದರೆ ಒಳಗಿರುವ ವಸ್ತು ಬೇರೆ. ತಂಬಾಕು ದಕ್ಷಿಣ ಅಮೆರಿಕದ ಗಿಡ. ಅದು ಪೋರ್ಚುಗೀಸರ ಜೊತೆ ನಮ್ಮ ದೇಶಕ್ಕೆ ಬಂತು. ಅದಕ್ಕೂ ನೂರಾರು ವರ್ಷ ಹಿಂದಿನ ಆಯುರ್ವೇದ ಗ್ರಂಥಗಳಲ್ಲಿ ಅದು ಇರುವುದಕ್ಕೆ ಸಾಧ್ಯವೇ ಇಲ್ಲ. ‘ಆಯುರ್ವೇದ ಹಪೆ’ ಅಂತ ಯಾರಾದರೂ ಮಾರಿದರೆ ಎರಡೂ ಪರಂಪರೆಗೆ ಸುಳ್ಳು ಹೇಳುತ್ತಿದ್ದಾರೆ.

ಪ್ರಶ್ನೆ: ಹಪೆಯಿಂದ ಮಿದುಳಿನ ಪೀನಿಯಲ್ ಗ್ರಂಥಿಯ ಸುಣ್ಣ ಕರಗಿ ಮೂರನೇ ಕಣ್ಣು ತೆರೆಯುತ್ತದೆಯೇ?

ಉತ್ತರ: ಇಲ್ಲ. ವಯಸ್ಸಾದ ಹಾಗೆ ಆ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಸೇರುವುದು ಸಹಜ, ಯಾವ ಪುಡಿಯೂ ಅದನ್ನು ಕರಗಿಸುವುದಿಲ್ಲ.

ಪ್ರಶ್ನೆ: ಸೈನಸ್ ತೊಂದರೆಗೆ ಒಳ್ಳೆಯದಂತೆ?

ಉತ್ತರ: ಆ ಹೊತ್ತಿಗೆ ಮೂಗು ಸುರಿದು ಖಾಲಿಯಾದ ಹಾಗೆ ಅನಿಸುತ್ತದೆ, ಕ್ಷಾರದ ಬೂದಿ ಒಳಪೊರೆಯನ್ನು ಕೆರಳಿಸುತ್ತಲೇ ಇರುತ್ತದೆ. ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಸಿಗರೇಟು ಬಿಡುವುದಕ್ಕೆ ಹಪೆ ಬಳಸಬಹುದೇ?

ಉತ್ತರ: ಒಂದು ತಂಬಾಕು ಬಿಟ್ಟು ಇನ್ನೊಂದು ತಂಬಾಕು ಹಿಡಿದರೆ ಬಿಟ್ಟ ಹಾಗೆ ಆಗುವುದಿಲ್ಲ.

ಪ್ರಶ್ನೆ: ಯೋಪೊ ಮತ್ತು ಹಪೆ ಒಂದೇನಾ? ಆನ್‌ಲೈನ್‌ನಲ್ಲಿ ತರಿಸಿದರೆ ತೊಂದರೆ ಇದೆಯೇ?

ಉತ್ತರ: ಬೇರೆ ಬೇರೆ, ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ. ಯೋಪೊ ಮಾಡುವುದು ಅನಾಡೆನಾಂತೆರ ಮರದ ಬೀಜದಿಂದ, ಒರಿನೋಕೊ ನದಿಯ ಕಡೆ. ಯಾನೊಮಾಮಿ ಜನರ ಪುಡಿ ವಿರೋಲ ಮರದ ತೊಗಟೆಯ ರಸದ್ದು. ಇವೆರಡೂ ಇಲ್ಲದ್ದನ್ನು ಕಾಣಿಸುವ ಪುಡಿಗಳು. ವಿರೋಲದಲ್ಲಿರುವ ಡಿಎಂಟಿ ಎಂಬ ಭ್ರಮೆ ತರಿಸುವ ವಸ್ತು ಭಾರತದ 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ತರಿಸಿದರೆ ಜೈಲಾಗಬಹುದು. ಶುದ್ಧ ಹಪೆಯಲ್ಲಿ ಡಿಎಂಟಿ ಇರುವುದಿಲ್ಲ, ಆದರೆ ಲೇಬಲ್ ಇಲ್ಲದ ಪೊಟ್ಟಣದಲ್ಲಿ ಏನು ಬೆರೆಸಿದ್ದಾರೆ ಅಂತ ನೀವು ಮೂಸಿ ನೋಡಿ ಹೇಳಲಾರಿರಿ. ಇನ್ನು ತಂಬಾಕಿನ ಕಾನೂನು. ನಶ್ಯ, ಅಂದರೆ ಮೂಗಿಗೆ ಏರಿಸುವ ತಂಬಾಕಿನ ಪುಡಿ, 2003ರ ಕೋಟ್ಪಾ ಕಾಯ್ದೆಯ ಪಟ್ಟಿಯಲ್ಲಿದೆ. ಆರೋಗ್ಯ ಎಚ್ಚರಿಕೆಯ ಚಿತ್ರ ಇಲ್ಲದೆ ಮಾರುವ ಹಾಗಿಲ್ಲ.

ಪ್ರಶ್ನೆ: ಹಪೆ ಆದ ಮೇಲೆ ಕಾಂಬೊ ಮಾಡಿಸಿಕೊಳ್ಳಿ ಅನ್ನುತ್ತಿದ್ದಾರೆ.

ಉತ್ತರ: ಬೇಡವೇ ಬೇಡ. ಅದು ಕಪ್ಪೆಯ ಮೈಯಿಂದ ಒಸರುವ ವಿಷ, ಚರ್ಮ ಸುಟ್ಟು ಆ ಗಾಯಕ್ಕೆ ಹಚ್ಚುತ್ತಾರೆ. ಲೀಟರುಗಟ್ಟಲೆ ನೀರು ಕುಡಿಸಿ ವಾಂತಿ ಮಾಡಿಸುವಾಗ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕಾಂಬೊ ಮಾಡಿಸಿಕೊಂಡು ಜನ ಸತ್ತಿದ್ದಾರೆ. ಅದರ ಜಾಹೀರಾತನ್ನು ಬ್ರೆಜಿಲ್ ಸರ್ಕಾರವೇ 2004ರಲ್ಲಿ ನಿಷೇಧಿಸಿತು. ಆಸ್ಟ್ರೇಲಿಯ 2021ರಲ್ಲಿ ಕಾಂಬೊವನ್ನೇ ನಿಷೇಧಿಸಿತು.

ಪ್ರಶ್ನೆ: ನಮ್ಮಜ್ಜ 90 ವರ್ಷದ ತನಕ ನಶ್ಯ ಏರಿಸುತ್ತಿದ್ದರು, ಏನೂ ಆಗಲಿಲ್ಲ.

ಉತ್ತರ: ಅಜ್ಜನ ಅದೃಷ್ಟ ನಿಮಗೆ ಆಸ್ತಿಯಾಗಿ ಬರುವುದಿಲ್ಲ.

ಪ್ರಶ್ನೆ: ತಮ್ಮ ಗೆಳೆಯರ ಜೊತೆ ಹೋಗಿಯೇ ಹೋಗುತ್ತೇನೆ ಅನ್ನುತ್ತಾನೆ. ಪಕ್ಕದಲ್ಲಿರುವವರು ಬಿದ್ದರೆ ಏನು ಮಾಡಬೇಕು ಅಂತಾದರೂ ಹೇಳಿ ಸರ್.

ಉತ್ತರ: ಈ ಪ್ರಶ್ನೆ ಒಬ್ಬರಾದರೂ ಕೇಳಿದಿರಲ್ಲ, ಸಂತೋಷ. ಬಿದ್ದವರನ್ನು ಎಡಮಗ್ಗುಲಿಗೆ ಮಲಗಿಸಿ, ವಾಂತಿ ಉಸಿರಿನ ದಾರಿಗೆ ಹೋಗಬಾರದು. ಮೂಗು, ಬಾಯಿ ಒರೆಸಿ. ಬಾಯಿಗೆ ನೀರನ್ನಾಗಲಿ ನಿಂಬೆರಸವನ್ನಾಗಲಿ ಸುರಿಯಬೇಡಿ. ‘ಸಮತೋಲನಕ್ಕೆ ಇನ್ನೊಂದು ಊದೋಣ’ ಅಂತ ಬಂದವರನ್ನು ಕೈಹಿಡಿದು ತಡೆಯಿರಿ. ಕರೆದರೆ ಮಾತಾಡದಿದ್ದರೆ, ಉಸಿರು ನಿಧಾನವಾದರೆ, ಎದೆನೋವು ಅಂದರೆ, ಫಿಟ್ಸ್ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಉಳಿದ ಪುಡಿಯನ್ನು ಪೊಟ್ಟಣದ ಸಮೇತ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಮೊದಲು ಹೇಳಬೇಕಾದ ಮಾತು ‘ತಂಬಾಕು, ಮೂಗಿನಿಂದ, ಇಷ್ಟು ಹೊತ್ತಿನ ಹಿಂದೆ’ ಎಂದು.