ಶಿವಶಕ್ತಿಗೆ ಪಹಣಿ ಇಲ್ಲ, ಮೇಷ್ಟ್ರೇ

ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಕಳೆದ ಸಂಚಿಕೆಯ ಚಂದ್ರಯಾನ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದಾರೆ. ವಿಕ್ರಮ್ ಇಳಿದ ಜಾಗಕ್ಕೆ ನಾವೇ ಹೆಸರಿಟ್ಟ ಮೇಲೆ ಅದು ಭಾರತದ್ದೇ ಅಲ್ಲವೇ? ಚಂದ್ರನ ಮೇಲೆ ಹೇಗೆ ನಡೆದುಕೊಳ್ಳಬೇಕೆಂದು ಅಮೆರಿಕ ಮುಂದೆ ನಿಂತು ರೂಪಿಸಿದ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿ ನಾವು ಅಮೆರಿಕದ ಬಾಲ ಹಿಡಿದೆವೇ?

ಮೇಷ್ಟ್ರೇ, ಮೊದಲನೆಯದಕ್ಕೆ ಉತ್ತರ: ಅಲ್ಲ. ಚಂದ್ರನ ಮೇಲೆ ಯಾವ ದೇಶವೂ ಯಾವ ರೀತಿಯಲ್ಲೂ ಒಡೆತನ ಸಾಧಿಸುವಂತಿಲ್ಲ ಎನ್ನುತ್ತದೆ 1967ರ ಬಾಹ್ಯಾಕಾಶ ಒಪ್ಪಂದದ ಎರಡನೇ ವಿಧಿ. ಭಾರತ ಅದನ್ನು 1982ರಲ್ಲಿ ಅನುಮೋದಿಸಿದೆ. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆ ಜಾಗದ ‘ಶಿವಶಕ್ತಿ’ ಹೆಸರನ್ನು ಮಾನ್ಯ ಮಾಡಿದ್ದು ನಕಾಶೆಗೆ ಮಾತ್ರ. ಆದರೆ ಅದೇ ಒಪ್ಪಂದದ ಎಂಟನೇ ವಿಧಿಯ ಪ್ರಕಾರ ಅಲ್ಲಿ ನಿಂತಿರುವ ವಿಕ್ರಮ್ ಲ್ಯಾಂಡರ್, ಪ್ರಜ್ಞಾನ್ ರೋವರ್ ಇಂದಿಗೂ ನಮ್ಮ ಸ್ವತ್ತು. ಬೇರೆಯವರು ಬಂದು ಬಿಚ್ಚಿಕೊಂಡು ಹೋಗುವಂತಿಲ್ಲ. (ಚಂದ್ರನ ಮೇಲೆ ಎಕರೆ ಲೆಕ್ಕದಲ್ಲಿ ಜಾಗ ಮಾರುವವರು ಕೊಡುವ ಪತ್ರ ಗೋಡೆಗೆ ಹಾಕಲು ಚೆಂದ, ಅಷ್ಟೇ.)

ಎರಡನೆಯದು ಅಷ್ಟು ಸುಲಭವಲ್ಲ. 2020ರಲ್ಲಿ ಎಂಟು ದೇಶಗಳಿಂದ ಶುರುವಾದ ಆರ್ಟೆಮಿಸ್ ಪಟ್ಟಿಯಲ್ಲಿ 2023ರ ಜೂನ್ 21ರಂದು ಸಹಿ ಹಾಕಿದ ಭಾರತ 27ನೆಯದು. ಕಾನೂನಿನ ಕಣ್ಣಲ್ಲಿ ಅದು ಕಟ್ಟುಪಾಡಿನ ಒಪ್ಪಂದವಲ್ಲ, ಹೀಗೆ ನಡೆದುಕೊಳ್ಳುತ್ತೇವೆಂಬ ರಾಜಕೀಯ ಮಾತು. ಸಹಿ ಹಾಕಿದವರು ಚೀನಾದ ಕಡೆ ತಿರುಗಿಯೂ ನೋಡಬಾರದು ಎಂದೇನೂ ಅದರಲ್ಲಿಲ್ಲ. ಫ್ರಾನ್ಸ್ ಮತ್ತು ಇಟಲಿ ಎರಡೂ ಸಹಿ ಹಾಕಿದ ದೇಶಗಳೇ. 2024ರಲ್ಲಿ ಚೀನಾದ ಚಾಂಗ್ಎ-6 ನೌಕೆಯಲ್ಲಿ ಎರಡರ ಉಪಕರಣಗಳೂ ಚಂದ್ರನಿಗೆ ಹೋದವು. ನಿಜವಾಗಿ ಕೈ ಕಟ್ಟಿರುವುದು ನಾಸಾಕ್ಕೆ. ವಿಶೇಷ ಅನುಮತಿಯಿಲ್ಲದೆ ಚೀನಾದೊಂದಿಗೆ ನೇರ ಸಹಕಾರಕ್ಕೆ ಹಣ ಖರ್ಚು ಮಾಡಬಾರದೆಂದು ಅಮೆರಿಕದ ಸಂಸತ್ತು 2011ರಲ್ಲೇ ವಿಧಿಸಿದೆ.

ಗಣಿಗಾರಿಕೆಯ ವಿಷಯದಲ್ಲಂತೂ ನಾವು ಯಾರ ಬಾಲವನ್ನೂ ಹಿಡಿದಿಲ್ಲ. ಚಂದ್ರನ ಸಂಪನ್ಮೂಲ ಮನುಕುಲದ ಸಾಮೂಹಿಕ ಸ್ವತ್ತು ಎಂದ 1979ರ ಚಂದ್ರ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1982ರಲ್ಲಿ. ಅನುಮೋದನೆಯನ್ನು ಮಾತ್ರ ಕೊಡಲೇ ಇಲ್ಲ. ಬಾಹ್ಯಾಕಾಶದಿಂದ ತೆಗೆದ ಸಂಪನ್ಮೂಲವನ್ನು ಖಾಸಗಿ ಸಂಸ್ಥೆಗಳು ಇಟ್ಟುಕೊಳ್ಳಬಹುದು, ಮಾರಬಹುದು ಎನ್ನುವ ನಮ್ಮದೇ ನೀತಿ ಹೊರಬಂದದ್ದು 2023ರ ಏಪ್ರಿಲ್‌ನಲ್ಲಿ, ಆರ್ಟೆಮಿಸ್ ಸಹಿಗೆ ಎರಡು ತಿಂಗಳು ಮೊದಲು. ಹಿಡಿಸಲಿ ಬಿಡಲಿ, ಅದು ದೆಹಲಿಯದೇ ತೀರ್ಮಾನ.

ಹಾಗಾದರೆ ಸಹಕಾರ ನಡೆಯುವುದು ಹೇಗೆ? ನನ್ನ ಮಟ್ಟಿಗೆ ಹೇಳುವುದಾದರೆ, ಈ ದೊಡ್ಡ ಒಪ್ಪಂದಗಳ ನೆರಳಿನಲ್ಲಿ ಸಂಸ್ಥೆ ಸಂಸ್ಥೆಗಳ ನಡುವೆ ಆಗುವ ಸಣ್ಣ ಕರಾರುಗಳಿಂದ. 2006ರ ಮೇ 9ರಂದು ಬೆಂಗಳೂರಿನಲ್ಲಿ ನಾಸಾದ ಮೈಕೆಲ್ ಗ್ರಿಫಿನ್ ಮತ್ತು ಇಸ್ರೋದ ಮಾಧವನ್ ನಾಯರ್ ಚಂದ್ರಯಾನ-1ರಲ್ಲಿ ನಾಸಾದ ಉಪಕರಣ ಒಯ್ಯುವ ಅಂಥ ಕಾಗದಗಳಿಗೆ ಸಹಿ ಹಾಕಿದಾಗ ಇಸ್ರೋದ ಕೆಲವು ಘಟಕಗಳು ಇನ್ನೂ ಅಮೆರಿಕದ ರಫ್ತು ನಿರ್ಬಂಧದ ಪಟ್ಟಿಯಲ್ಲಿದ್ದವು. ಹೆಸರು ತೆಗೆದದ್ದು 2011ರಲ್ಲಿ. ಆದರೂ ಚಂದ್ರಯಾನ-1ರ 11 ಉಪಕರಣಗಳಲ್ಲಿ ಆರು ಹೊರಗಿನವು. ಹೊತ್ತೊಯ್ದದ್ದಕ್ಕೆ ಭಾರತ ಬಾಡಿಗೆ ಕೇಳಲಿಲ್ಲ, ದತ್ತಾಂಶದಲ್ಲಿ ಪಾಲು ಪಡೆಯಿತು. ಆ ಆರರಲ್ಲೊಂದು, ನಾಸಾದ ಖನಿಜ ಶೋಧಕ. ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಹಿಡಿದದ್ದು ಅದೇ.

ಇನ್ನೊಂದು ಪ್ರಸಂಗ ನನಗೆ ಇನ್ನೂ ಮುಖ್ಯ. 2021ರ ಅಕ್ಟೋಬರ್ 20ರಂದು ಚಂದ್ರನ ಉತ್ತರ ಧ್ರುವದ ಬಳಿ ನಮ್ಮ ಚಂದ್ರಯಾನ-2ರ ಆರ್ಬಿಟರ್ ಮತ್ತು ಚಂದ್ರನನ್ನೇ ಸುತ್ತುವ ನಾಸಾದ ನೌಕೆ ಎಲ್‌ಆರ್‌ಒ ಎದುರಾಗಲಿದ್ದವು; ಎತ್ತರದಲ್ಲಿ ಅವುಗಳ ನಡುವಿನ ಅಂತರ 100 ಮೀಟರಿಗಿಂತ ಕಡಿಮೆ ಎಂದು ಎರಡೂ ಕಡೆಯ ಲೆಕ್ಕ ಹೇಳಿತು. ಯಾರು ಪಕ್ಕಕ್ಕೆ ಸರಿಯಬೇಕು? ಅದಕ್ಕೆ ಯಾವ ಒಪ್ಪಂದದಲ್ಲೂ ನಿಯಮವಿಲ್ಲ. ಎರಡು ಸಂಸ್ಥೆಗಳೂ ಮಾತಾಡಿಕೊಂಡವು, 18ರ ರಾತ್ರಿ ನಮ್ಮದೇ ಕಕ್ಷೆ ಬದಲಿಸಿಕೊಂಡಿತು. ಡಿಕ್ಕಿಯಾಗಿದ್ದರೆ? 1972ರ ಹೊಣೆಗಾರಿಕೆ ಒಪ್ಪಂದದಂತೆ, ಭೂಮಿಯ ಮೇಲೆ ಹಾನಿಯಾದರೆ ಉಡಾಯಿಸಿದ ದೇಶ ತಪ್ಪಿರಲಿ ಬಿಡಲಿ ಪರಿಹಾರ ಕೊಡಬೇಕು. ಬಾಹ್ಯಾಕಾಶದಲ್ಲಾದರೆ ತಪ್ಪು ಯಾರದೆಂದು ತೋರಿಸಬೇಕು. ಸಂಚಾರ ನಿಯಮವೇ ಇಲ್ಲದ ಕಡೆ ತಪ್ಪನ್ನು ತೋರಿಸುವುದು ಹೇಗೆ?

ಧ್ರುವದ ಬಿಸಿಲು ಬೀಳುವ ಕೆಲವೇ ಏಣುಗಳಿಗೆ, ಹಿಮ ಅಡಗಿರುವ ಕುಳಿಗಳಿಗೆ ಎಲ್ಲರೂ ಮುಗಿಬಿದ್ದಾಗ ಈ ಪ್ರಶ್ನೆ ಬಿಗಿಯಾಗುತ್ತದೆ. ಜಪಾನಿನ ರೋವರ್ ಹೊತ್ತು ಇಸ್ರೋ ಲ್ಯಾಂಡರ್ ಹೋಗಲಿರುವುದೂ ಅತ್ತಲೇ. ಆರ್ಟೆಮಿಸ್ ಹೇಳುವ ‘ಸುರಕ್ಷತಾ ವಲಯ’ (ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಿಯಾಗದಂತೆ ಗುರುತಿಸುವ ಜಾಗ) ಒಳ್ಳೆಯ ಉದ್ದೇಶದ್ದೇ ಇರಬಹುದು. ಮೊದಲು ಬಂದವನು ಹಾಕುವ ಬೇಲಿಯಾಗದಂತೆ ನೋಡಿಕೊಳ್ಳುವವರು ಯಾರೆಂಬುದು ಮಾತ್ರ ಅದರಲ್ಲಿಲ್ಲ.

ನನ್ನ ದೂರು ಅಮೆರಿಕದ ಮೇಲಲ್ಲ, ಮೇಷ್ಟ್ರೇ. 1967ರ ಒಪ್ಪಂದದ ಆರನೇ ವಿಧಿಯಂತೆ ಭಾರತದ ಖಾಸಗಿ ಕಂಪನಿ ಚಂದ್ರನ ಮೇಲೆ ಏನು ಮಾಡಿದರೂ ಉತ್ತರ ಕೊಡಬೇಕಾದ್ದು ಭಾರತ ಸರ್ಕಾರ. ಅದಕ್ಕೆ ಬೇಕಾದ ಬಾಹ್ಯಾಕಾಶ ಮಸೂದೆಯ ಕರಡು 2017ರಲ್ಲಿ ಸಾರ್ವಜನಿಕರ ಮುಂದೆ ಬಂತು, ಇನ್ನೂ ಕಾಯ್ದೆಯಾಗಿಲ್ಲ. ನೀತಿಯಿದೆ, ಖಾಸಗಿಯವರಿಗೆ ಅನುಮತಿ ಕೊಡಲು ಸರ್ಕಾರದ ಸಂಸ್ಥೆ ಇನ್‌ಸ್ಪೇಸ್ ಇದೆ. ಕಂಪನಿಯಿಂದ ನಷ್ಟ ವಸೂಲಿ ಮಾಡಲು ಕಾನೂನಿಲ್ಲ. ಮುಂದಿನ ಪತ್ರವನ್ನು ನಿಮ್ಮ ಸಂಸದರಿಗೆ ಬರೆಯಿರಿ, ಒಂದು ಪ್ರತಿ ನಮಗೂ ಕಳಿಸಿ.

— ಸಂಪಾದಕ